ಜಡೆ ಇನ್ನೂ ಗಾಳಿಯಲ್ಲಿ

ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು ನನ್ನ ಕಸುಬು. ಕುಂಟಾಬಿಲ್ಲೆ ಆಡುವ ಹುಡುಗಿಯೊಬ್ಬಳ ಕಥೆ ಕೈಗೆ ಬಂದಾಗ ಮೊದಲ ಕರಡನ್ನು ಸಲೀಸಾಗಿ ಮುಗಿಸಿಬಿಟ್ಟೆ. ಎರಡು ಜಡೆ, ಕೆಂಪು ರಿಬ್ಬನ್, ದೊಡ್ಡ ಕಣ್ಣು, ಕೆನ್ನೆಗೆ ತುಸು ಗುಲಾಬಿ ಬಣ್ಣ. ಪ್ರಕಾಶಕರಿಗೂ ಹಿಡಿಸಿತು, ರೆಪ್ಪೆ ಇನ್ನೂ ಸ್ವಲ್ಪ ಉದ್ದವಿರಲಿ ಎಂದರು. ರೆಪ್ಪೆ ಎಳೆಯುತ್ತ ಕುಳಿತಾಗಲೇ ನನಗೆ ಕಂಡದ್ದು: ಪ್ರತಿ ಪುಟದಲ್ಲಿಯೂ ಅವಳು ಆಟ ಬಿಟ್ಟು ನನ್ನತ್ತಲೇ ನೋಡುತ್ತಿದ್ದಾಳೆ, ಸ್ಟುಡಿಯೊದಲ್ಲಿ ಫೋಟೊಗೆ ನಿಲ್ಲಿಸಿದ ಹಾಗೆ.

ಹಳೆಯ ಚಿತ್ರಗಳ ಕಟ್ಟು ಬಿಚ್ಚಿದೆ. ನನ್ನ ಹುಡುಗರು ಮರ ಹತ್ತುತ್ತಿದ್ದರು, ಕೆಸರಿನಲ್ಲಿ ಜಾರುತ್ತಿದ್ದರು. ಹುಡುಗಿಯರು ಪಕ್ಕದಲ್ಲಿ ನಿಂತು ನಗುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ, ನೋಡಿ ನೋಡಿ ಕೈಗೆ ಹತ್ತಿದ್ದು. ನಾನು ನೋಡುತ್ತ ಬೆಳೆದ ‘ಚಿನ್ನಾರಿ ಮುತ್ತ’ (1993), ‘ಕೊಟ್ರೇಶಿ ಕನಸು’ (1994) ಎರಡರಲ್ಲಿಯೂ ವಿಜಯ್ ರಾಘವೇಂದ್ರ. ಓಡಿದವನೂ ಹುಡುಗ, ಓದಬೇಕೆಂದವನೂ ಹುಡುಗ. ನಿರ್ಮಾ ಪೊಟ್ಟಣದ ಹುಡುಗಿಯಾದರೂ ಗಿರಕಿ ಹೊಡೆಯುತ್ತಾಳಲ್ಲ ಎನ್ನಬಹುದು. ಅದು ಫ್ರಾಕಿನ ಬಿಳುಪು ತೋರಿಸುವುದಕ್ಕೆ.

ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಅಮೃತಾ ಶೇರ್‌-ಗಿಲ್ ಅವರ ‘ಮೂವರು ಹುಡುಗಿಯರು’ ಚಿತ್ರವನ್ನು ನೋಡಿದ್ದು ನೆನಪಾಯಿತು. ಪ್ಯಾರಿಸ್‌ನಿಂದ ಮರಳಿದ ಮೇಲೆ, 1935ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ ಬರೆದದ್ದು. 1937ರಲ್ಲಿ ಬಾಂಬೆ ಆರ್ಟ್ ಸೊಸೈಟಿಯ ಚಿನ್ನದ ಪದಕ ಬಂದದ್ದು ಇದಕ್ಕೇ. ಅಲ್ಲಿಯೂ ಹುಡುಗಿಯರು ಸುಮ್ಮನೆ ಕುಳಿತಿದ್ದಾರೆ. ಆದರೆ ನಮ್ಮನ್ನು ಮೆಚ್ಚಿಸಲು ಕುಳಿತಿಲ್ಲ. ಕಣ್ಣು ಕೆಳಗಿವೆ, ಮನಸ್ಸು ಎಲ್ಲೋ ಇದೆ. ನಾವು ಬಂದದ್ದೂ ಅವರಿಗೆ ಗೊತ್ತಿಲ್ಲ.

ಮುಖ್ಯೋಪಾಧ್ಯಾಯರ ಅನುಮತಿ ಪಡೆದು ನಾಲ್ಕು ಬೆಳಗು ಹತ್ತಿರದ ಸರ್ಕಾರಿ ಶಾಲೆಯ ಜಗುಲಿಯಲ್ಲಿ ಕುಳಿತೆ. ಕ್ಯಾಮೆರಾ ಒಯ್ಯಲಿಲ್ಲ, ಇದ್ದಿಲು ಕಡ್ಡಿ, ಅಗ್ಗದ ಹಾಳೆ, ಅಷ್ಟೇ. ಮೊದಲ ದಿನ ಎಲ್ಲರೂ ನನಗಾಗಿ ಆಡಿದರು, ಅದು ವ್ಯರ್ಥ. ಮೂರನೆಯ ದಿನದ ಹೊತ್ತಿಗೆ ನಾನು ಜಗುಲಿಯ ಕಂಬವಾಗಿದ್ದೆ. ಮುಖ ಬರೆಯುವುದಿಲ್ಲವೆಂದು ನಿರ್ಧರಿಸಿ, ಮೈಯ ಭಾರ ಎಲ್ಲಿದೆ ಎಂಬುದನ್ನಷ್ಟೇ ಹಿಡಿದೆ. ಕುಂಟುವಾಗ ನೆಲಕ್ಕೂರಿದ ಕಾಲಿನ ಕಡೆ ಸೊಂಟ ಮೇಲೇಳುತ್ತದೆ, ಅದೇ ಕಡೆಯ ಭುಜ ಇಳಿಯುತ್ತದೆ. ಒಂದು ಮುಷ್ಟಿಯಲ್ಲಿ ಸ್ಕರ್ಟಿನ ಅಂಚು. ಇನ್ನು ಜಡೆ: ಹಾರುವಾಗ ಅದು ಹಿಂದೆ ಉಳಿಯುತ್ತದೆ, ಪಾದ ನೆಲಕ್ಕೆ ಬಂದ ಮೇಲೂ ಅದು ಗಾಳಿಯಲ್ಲೇ ಇರುತ್ತದೆ. ನನ್ನ ಕರಡಿನಲ್ಲಿ ಎರಡೂ ಜಡೆಗಳು ಎರಡು ಭುಜಗಳ ಮೇಲೆ ತಕ್ಕಡಿಯಂತೆ ಕುಳಿತಿದ್ದವು.

ಮುಖಕ್ಕೆ ಕೈ ಹಾಕಿದಾಗ ತೊಡಕಾಯಿತು. ಬಿಲ್ಲೆ ನೋಡುವವಳ ಕಣ್ಣು ಕೆಳಗಿರಲೇಬೇಕು. ಆದರೆ ನಮ್ಮ ಕ್ಯಾಲೆಂಡರ್ ಚಿತ್ರಗಳಲ್ಲಿ ಹೆಣ್ಣು ಕಣ್ಣು ತಗ್ಗಿಸಿದರೆ ಅದು ನಾಚಿಕೆ. ಹತ್ತಾರು ಹಾಳೆ ಹಾಳು ಮಾಡಿದ ಮೇಲೆ ತಿಳಿಯಿತು, ವ್ಯತ್ಯಾಸವಿರುವುದು ಕಣ್ಣಿನಲ್ಲಲ್ಲ, ಕತ್ತಿನಲ್ಲಿ. ನಾಚಿದಾಗ ಕತ್ತು ಪಕ್ಕಕ್ಕೆ ವಾಲುತ್ತದೆ, ಗುರಿಯಿಟ್ಟಾಗ ಮುಂದಕ್ಕೆ ಚಾಚುತ್ತದೆ, ಕೋಳಿಯ ಹಾಗೆ. ಕೆಳತುಟಿಯನ್ನು ಹಲ್ಲಿನಡಿ ಸಿಕ್ಕಿಸಿದೆ. ಕೆಳಗೆ ನೋಡುವ ಕಣ್ಣಿಗೆ ಬಾಗಿದ ಒಂದೇ ಗೆರೆ ಸಾಕು. ರೆಪ್ಪೆಯ ವ್ಯಾಜ್ಯವೇ ಮುಗಿಯಿತು.

ಪ್ರಕಾಶಕರು ಕೇಳಿದರು, “ಮುದ್ದಾಗಿ ಕಾಣುತ್ತಾಳೆಯೇ?” ಇಲ್ಲ ಎಂದೆ. ಎರಡು ವಾರ ಜಗ್ಗಾಡಿದೆವು. ಮುಖಪುಟಕ್ಕೆ ನಗುವ ಮುಖ ಕೊಟ್ಟು ಒಳಪುಟಗಳನ್ನು ಉಳಿಸಿಕೊಂಡೆ. ಆ ಮುಖಪುಟ ಈಗಲೂ ನನಗೆ ಇಷ್ಟವಿಲ್ಲ.

ಅಚ್ಚಿಗೆ ಹೋಗುವ ಮುನ್ನ ಹಾಳೆಗಳನ್ನು ಅದೇ ಶಾಲೆಗೆ ಒಯ್ದೆ. ಆಟದಲ್ಲಿ ಚುರುಕಾಗಿದ್ದ ಹುಡುಗಿಯೊಬ್ಬಳು ಏಳನೆಯ ಪುಟವನ್ನು ಬಹಳ ಹೊತ್ತು ನೋಡಿದಳು. ಚೆನ್ನಾಗಿದೆ ಎನ್ನುತ್ತಾಳೆಂದು ಕಾದೆ.

“ಇವಳು ಔಟ್,” ಎಂದಳು. “ಹೆಬ್ಬೆರಳು ಗೆರೆಯ ಮೇಲಿದೆ.”

ಮನೆಗೆ ಬಂದು ಗೆರೆಯನ್ನು ಅಳಿಸಿ, ಅರ್ಧ ಬೆರಳು ಮುಂದಕ್ಕೆ ಎಳೆದೆ.