ಕೌದಿ ಮೇಲೆ ಲಕ್ಕುಂಡಿಯ ಕಸೂತಿ: ಎಳೆ ಎಣಿಸೋಕೆ ಮ್ಯಾಟಿ ಬಟ್ಟೆ

ಗದಗ ಬಳಿಯ ಲಕ್ಕುಂಡಿಯ ಗುಡಿ, ಬಾವಿಗಳ ಚಿತ್ರದ ಕೌದಿ (ಹಳೆ ಬಟ್ಟೆಯ ಪದರಗಳ ಹೊದಿಕೆ) ಹೊಲಿಯುವವರು ಹಳೆ ಸೀರೆ ತುಂಡಿನ ಮೇಲೆ ಮ್ಯಾಟಿ ಬಟ್ಟೆ (ಎಳೆ, ತೂತು ಎದ್ದು ಕಾಣುವ ಹತ್ತಿ ಬಟ್ಟೆ) ಇಟ್ಟು ಕಚ್ಚಾ ಹೊಲಿಗೆ ಹಾಕಿ, ಅದರ ಎಳೆ ಎಣಿಸಿ ಎರಡೂ ಸೇರಿಸಿ ಕಸೂತಿ ಮಾಡಿ. ಮುಗಿದ ಮೇಲೆ ಮ್ಯಾಟಿಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆದರೆ ಸೀರೆ ಮೇಲೆ ಕಸೂತಿ ಮಾತ್ರ ಉಳಿಯುತ್ತದೆ. ಕಸೂತಿಗೆ ಗೆರೆ ಹಾಕಿಕೊಳ್ಳುವುದಿಲ್ಲ, ಎಣಿಕೆಯೇ ಎಲ್ಲ. ಸಣ್ಣ ನೂಲಿನ ಸೀರೆಯಲ್ಲಿ ಎಳೆ ಕಣ್ಣಿಗೆ ಸಿಗಬೇಕಲ್ವಾ? ಅದಕ್ಕೇ ಮ್ಯಾಟಿ. ಲಕ್ಕುಂಡಿಯ ಮುಸುಕಿನ ಬಾವಿಯ ಮೆಟ್ಟಿಲಿಗೆ ಮುರ್ಗಿ ಹೊಲಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ, ಅದರ ನಡೆಯೇ ಮೆಟ್ಟಿಲು ಮೆಟ್ಟಿಲು. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯದ ಅಂಚುಗಳಿಗೆ ಗವಂತಿ (ಹೋದ ದಾರಿಯಲ್ಲೇ ವಾಪಸ್ ಬಂದು ಗೆರೆ ತುಂಬುವ ಹೊಲಿಗೆ) ಸಾಕು. ಅಲ್ಲಿನ ಕೆತ್ತನೆಯನ್ನೆಲ್ಲ ತುಂಬಲು ಹೋಗಬೇಡಿ, ಸುಮ್ನೆ ಗಿಜಿಗಿಜಿ ಆಗುತ್ತದೆ. ಸೂಜಿ ಮ್ಯಾಟಿಯ ತೂತಿನಲ್ಲೇ ಇಳಿಯಬೇಕು. ಎಳೆಯನ್ನೇ ಚುಚ್ಚಿದರೆ ಆಮೇಲೆ ಎಳೆಯುವಾಗ ಕಸೂತಿಯೂ ಕಿತ್ತು ಬರುತ್ತದೆ. ಹೊಲಿಗೆ ಸಡಿಲವಿದ್ದರೂ ಕೆಟ್ಟಿತು, ಮ್ಯಾಟಿ ಹೋದ ಮೇಲೆ ದಾರ ಜೋತು ಬೀಳುತ್ತದೆ. ಎಳೆ ಬಿಗಿಯಾಗಿ ಕೂತಿದ್ದರೆ ಸ್ವಲ್ಪ ನೀರು ಚಿಮುಕಿಸಿ. ಆದರೆ ಇಳಕಲ್ಲ ಸೀರೆಯ ಕೆಂಪು ಸೆರಗಾದರೆ ಮೊದಲೇ ಮೂಲೆ ಒದ್ದೆ ಮಾಡಿ ಬಣ್ಣ ಬಿಡುತ್ತದಾ ನೋಡಿಕೊಳ್ಳಿ. ತೀರಾ ಜೀರ್ಣವಾದ ಸೀರೆಗೆ ಈ ಉಪಾಯ ಬೇಡ, ಎಳೆ ಎಳೆಯುವ ಭರಕ್ಕೆ ಬಟ್ಟೆಯೇ ಹರಿಯುತ್ತದೆ. ಇದೆಲ್ಲ ಮೇಲಿನ ಪದರ ಒಂದಕ್ಕೇ, ಕೌದಿಯ ಪದರ ಜೋಡಿಸುವ ಮೊದಲು.