ಉಕ್ಕಿನ ಕಾರ್ಖಾನೆಗೆ ಹಸಿರು ಹೈಡ್ರೋಜನ್: ಮೊದಲು ಕರೆಂಟಿನ ಲೆಕ್ಕ ಹಾಕಿ

ಕಾರ್ಖಾನೆಗೆ ಹಸಿರು ಹೈಡ್ರೋಜನ್ ತರಬೇಕು ಅಂತ ತೀರ್ಮಾನ ಆಗಿದೆ, ಎಲ್ಲಿಂದ ಶುರು ಮಾಡುವುದು ಗೊತ್ತಾಗುತ್ತಿಲ್ಲ ಅನ್ನುವವರಿಗೆ ಇದು. ಸೋಲಾರ್, ಗಾಳಿಯಂಥ ಕರೆಂಟಿನಿಂದ ನೀರನ್ನು ಒಡೆದು ತೆಗೆದ ಹೈಡ್ರೋಜನ್ನೇ ಹಸಿರು ಹೈಡ್ರೋಜನ್, ಒಡೆಯುವ ಯಂತ್ರ ಎಲೆಕ್ಟ್ರೋಲೈಸರ್. ಆ ಯಂತ್ರದ ಕಂಪನಿಗೆ ಫೋನ್ ಮಾಡುವುದು ಮೊದಲ ಕೆಲಸ ಅಲ್ಲ. ಹೈಡ್ರೋಜನ್ ನಿಮ್ಮಲ್ಲಿ ಯಾವ ಕೆಲಸ ಮಾಡಬೇಕು ಅಂತ ಮೊದಲು ನೋಡಿ.

ಬರೀ ಬಿಸಿ ಬೇಕು, ಬಾಯ್ಲರ್‌ನಿಂದ ಹಬೆ ಬೇಕು ಅಂದರೆ ಇದನ್ನು ಬಿಟ್ಟುಬಿಡಿ. ಒಂದು ಕೆಜಿ ಹೈಡ್ರೋಜನ್ ಮಾಡಲು 50ರಿಂದ 55 ಯೂನಿಟ್ ಕರೆಂಟ್ ಬೇಕು, ಸುಟ್ಟರೆ ವಾಪಸ್ ಸಿಗುವುದು ಸುಮಾರು 33 ಯೂನಿಟ್‌ನಷ್ಟು ಶಾಖ. ಆ ಕರೆಂಟನ್ನೇ ನೇರವಾಗಿ ಎಲೆಕ್ಟ್ರಿಕ್ ಬಾಯ್ಲರ್‌ಗೆ ಕೊಡಬಹುದು ಅಲ್ವಾ? ಸಿಮೆಂಟಿನಲ್ಲೂ ಇದರಿಂದ ದೊಡ್ಡ ಲಾಭ ಇಲ್ಲ, ಅಲ್ಲಿ ಅರ್ಧಕ್ಕಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಬರುವುದು ಸುಣ್ಣದ ಕಲ್ಲಿನಿಂದಲೇ. ಹೈಡ್ರೋಜನ್ ನಿಜವಾಗಿ ಉಪಯೋಗಕ್ಕೆ ಬರುವ ಕೆಲಸ ಬೇರೆ ಇವೆ: ಕಬ್ಬಿಣದ ಅದಿರಿನಿಂದ ಆಮ್ಲಜನಕ ಕೀಳುವುದು, ಅಮೋನಿಯ ಮಾಡುವುದು, ರಿಫೈನರಿಯಲ್ಲಿ ಡೀಸೆಲ್‌ನಿಂದ ಗಂಧಕ ತೆಗೆಯುವುದು.

ನಿಮ್ಮಲ್ಲಿ ಈಗಾಗಲೇ ನೈಸರ್ಗಿಕ ಅನಿಲದಿಂದ ಮಾಡಿದ ಹೈಡ್ರೋಜನ್ ಬಳಸುತ್ತಿದ್ದರೆ ಅಲ್ಲಿಂದಲೇ ಶುರು ಮಾಡಿ. ಅದರ ಪ್ರತಿ ಕೆಜಿಗೆ 9ರಿಂದ 10 ಕೆಜಿ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತಿದೆ, ಮುಂದಿನ ಯಂತ್ರಗಳನ್ನು ಅಷ್ಟಾಗಿ ಬದಲಿಸದೆ ಇದನ್ನು ನಿಲ್ಲಿಸಬಹುದು. ಯೂರಿಯಾ ಮಾಡುವವರು ಮಾತ್ರ ಹುಷಾರಾಗಿರಿ. ಒಂದು ಟನ್ ಯೂರಿಯಾಕ್ಕೆ ಮುಕ್ಕಾಲು ಟನ್ ಹತ್ತಿರ ಕಾರ್ಬನ್ ಡೈಆಕ್ಸೈಡ್ ಬೇಕು, ಅದು ಈಗ ಅನಿಲದಿಂದಲೇ ಸಿಗುತ್ತಿದೆ. ಪೂರ್ತಿ ಹಸಿರು ಹೈಡ್ರೋಜನ್‌ಗೆ ಹೋದರೆ ಅದನ್ನು ಬೇರೆ ಕಡೆಯಿಂದ ತರಬೇಕಾಗುತ್ತದೆ.

ಈಗ ಉಕ್ಕು. ಕಷ್ಟ ಇರುವುದು ಇಲ್ಲೇ, ಕಾರ್ಬನ್ ಉಳಿತಾಯವೂ ಇಲ್ಲೇ ಜಾಸ್ತಿ. ಬ್ಲಾಸ್ಟ್ ಫರ್ನೇಸ್ ದಾರಿಯಲ್ಲಿ ಒಂದು ಟನ್ ಉಕ್ಕಿಗೆ ಎರಡು ಟನ್‌ಗೂ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಆ ಫರ್ನೇಸ್‌ಗೇ ಹೈಡ್ರೋಜನ್ ಊದಬಹುದು, 2023ರಲ್ಲಿ ಟಾಟಾ ಸ್ಟೀಲ್ ಜಮ್ಶೆಡ್‌ಪುರದಲ್ಲಿ ಪ್ರಯೋಗ ಮಾಡಿ ನೋಡಿತು. ಆದರೆ ಒಳಗಿನ ಅದಿರಿನ ಭಾರ ಹೊರುವುದು ಕೋಕ್, ಅಂದರೆ ಕಲ್ಲಿದ್ದಲನ್ನು ಸುಟ್ಟು ಮಾಡಿದ ಗಟ್ಟಿ ಇಂಧನ, ಅದನ್ನು ಪೂರ್ತಿ ತೆಗೆಯಲು ಆಗುವುದಿಲ್ಲ. ಬಳ್ಳಾರಿ, ಕೊಪ್ಪಳದ ಕಡೆ ಇರುವ ಸ್ಪಾಂಜ್ ಐರನ್ (ಅದಿರನ್ನು ಕರಗಿಸದೆ ತೆಗೆದ ಕಬ್ಬಿಣ) ಘಟಕಗಳ ಕಲ್ಲಿದ್ದಲು ಗೂಡುಗಳೂ ಇದಕ್ಕೆ ಒಗ್ಗುವುದಿಲ್ಲ. ಬೇಕಿರುವುದು ಅನಿಲದಲ್ಲಿ ಓಡುವ, ಅದಿರನ್ನು ಕರಗಿಸದೆ ಕಬ್ಬಿಣ ಮಾಡುವ ಎತ್ತರದ ಕುಲುಮೆ, ಅಂದರೆ ಶಾಫ್ಟ್ ಫರ್ನೇಸ್. ಅದರ ಮುಂದೆ ಆ ಕಬ್ಬಿಣವನ್ನು ಕರೆಂಟಿನಿಂದ ಕರಗಿಸುವ ಎಲೆಕ್ಟ್ರಿಕ್ ಆರ್ಕ್ ಫರ್ನೇಸ್.

ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಈ ಕೆಲಸ ಶುರುವಾಗಿದೆ. ಜೆಎಸ್‌ಡಬ್ಲ್ಯು ಎನರ್ಜಿ ಅಲ್ಲಿ ವರ್ಷಕ್ಕೆ 3,800 ಟನ್ ಹೈಡ್ರೋಜನ್ ಮಾಡುವ ಘಟಕ ಹಾಕಿದೆ, ಅದು ಪಕ್ಕದ ಉಕ್ಕಿನ ಕಾರ್ಖಾನೆಯ ಡಿಆರ್‌ಐ (ಸ್ಪಾಂಜ್ ಐರನ್) ಘಟಕಕ್ಕೆ ಹೋಗುತ್ತದೆ. ಒಳ್ಳೆಯ ಹೆಜ್ಜೆ, ನನಗೆ ತುಂಬಾ ಖುಷಿ ಕೊಟ್ಟ ಹೆಜ್ಜೆ. ಆದರೆ ಅಳತೆ ಗೊತ್ತಿರಲಿ. ಬರೀ ಹೈಡ್ರೋಜನ್‌ನಿಂದ ಒಂದು ಟನ್ ಕಬ್ಬಿಣ ತೆಗೆಯಲು ಸುಮಾರು 55 ಕೆಜಿ ಬೇಕು, ಅಂದರೆ 3,800 ಟನ್‌ನಿಂದ ಆಗುವುದು 70,000 ಟನ್ ಹತ್ತಿರ. ಆ ಕಾರ್ಖಾನೆಯ ಸಾಮರ್ಥ್ಯ ವರ್ಷಕ್ಕೆ ಒಂದೂವರೆ ಕೋಟಿ ಟನ್‌ಗೂ ಮೇಲೆ.

ನಿಮ್ಮ ಲೆಕ್ಕವನ್ನೂ ಹೀಗೇ ಹಾಕಿ. ವರ್ಷಕ್ಕೆ 10 ಲಕ್ಷ ಟನ್ ಕಬ್ಬಿಣ ಅಂದರೆ 55,000 ಟನ್ ಹೈಡ್ರೋಜನ್, ಅದಕ್ಕೆ ಸುಮಾರು 300 ಕೋಟಿ ಯೂನಿಟ್. ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಶೇ 25ರ ಸಾಮರ್ಥ್ಯದಲ್ಲಿ ಓಡಿದರೂ ವರ್ಷಕ್ಕೆ ಸಿಗುವುದು 450 ಕೋಟಿ ಯೂನಿಟ್ ಹತ್ತಿರ. ಅದರಲ್ಲಿ ಮೂರರಲ್ಲಿ ಎರಡು ಪಾಲು ಈ 10 ಲಕ್ಷ ಟನ್‌ಗೇ ಬೇಕು, ಆರ್ಕ್ ಫರ್ನೇಸಿನ ಕರೆಂಟ್ ಬೇರೆ. ಯೂನಿಟ್‌ಗೆ 5 ರೂಪಾಯಿ ಹಿಡಿದರೆ ಒಂದು ಕೆಜಿ ಹೈಡ್ರೋಜನ್‌ಗೆ ಬರೀ ಕರೆಂಟಿನ ಖರ್ಚೇ 275 ರೂಪಾಯಿ ಆಗುತ್ತದೆ.

ಕಡಿಮೆ ಬಿದ್ದಾಗ ಗ್ರಿಡ್‌ನಿಂದ ತಗೊಂಡರಾಯಿತು ಅಂತ ಸುಮ್ನೆ ಬಿಡಬೇಡಿ. ನಮ್ಮ ಗ್ರಿಡ್‌ನಲ್ಲಿ ಕಲ್ಲಿದ್ದಲೇ ಜಾಸ್ತಿ, ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್. ಅದರಿಂದ ಮಾಡಿದ ಒಂದು ಕೆಜಿ ಹೈಡ್ರೋಜನ್‌ಗೆ 35 ಕೆಜಿಗೂ ಮೇಲೆ ಬರುತ್ತದೆ, ಅನಿಲದಿಂದ ಮಾಡಿದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಹಸಿರು ಅನ್ನಿಸಿಕೊಳ್ಳಲು ಕೇಂದ್ರ ಸರ್ಕಾರ 2023ರ ಆಗಸ್ಟ್‌ನಲ್ಲಿ ಹಾಕಿದ ಮಿತಿ ಕೆಜಿ ಹೈಡ್ರೋಜನ್‌ಗೆ 2 ಕೆಜಿ, 12 ತಿಂಗಳ ಸರಾಸರಿಯಲ್ಲಿ. ಹಾಗಾಗಿ ವರ್ಷದ ಮೊತ್ತ ಮಾತ್ರ ಅಲ್ಲ, ಗಂಟೆ ಗಂಟೆಯ ಕರೆಂಟಿನ ಪಟ್ಟಿ ಮಾಡಿ. ಹಗಲು ಸೋಲಾರ್, ಮಳೆಗಾಲದಲ್ಲಿ ಗದಗ, ಚಿತ್ರದುರ್ಗದ ಕಡೆಯ ಗಾಳಿ ಎರಡನ್ನೂ ಸೇರಿಸಿ, ಆಮೇಲೂ ಯಾವ ತಿಂಗಳ ಯಾವ ರಾತ್ರಿ ಖಾಲಿ ಉಳಿಯುತ್ತದೆ ಅಂತ ನೋಡಿ. ಎಲೆಕ್ಟ್ರೋಲೈಸರ್ ಎಷ್ಟು ದೊಡ್ಡದು, ಹೈಡ್ರೋಜನ್ ಎಷ್ಟು ಕೂಡಿಡಬೇಕು ಅನ್ನುವುದು ಆ ಪಟ್ಟಿಯಿಂದಲೇ ಬರಬೇಕು. ಯಂತ್ರ ಆರಿಸುವಾಗಲೂ ಅದನ್ನೇ ಮುಂದಿಟ್ಟುಕೊಳ್ಳಿ. ಎಲೆಕ್ಟ್ರೋಲೈಸರ್‌ನಲ್ಲಿ ಮುಖ್ಯವಾಗಿ ಎರಡು ಬಗೆ, ಆಲ್ಕಲೈನ್ ಮತ್ತು ಪೆಮ್ (PEM): ಆಲ್ಕಲೈನ್ ಅಗ್ಗ, ಆದರೆ ತೀರಾ ಕಡಿಮೆ ಲೋಡ್‌ನಲ್ಲಿ ಓಡಿಸುವುದು ಕಷ್ಟ. ಪೆಮ್ ದುಬಾರಿ, ಕರೆಂಟ್ ಏರಿಳಿದರೂ ಬೇಗ ಹೊಂದಿಕೊಳ್ಳುತ್ತದೆ.

ಶಾಫ್ಟ್ ಫರ್ನೇಸನ್ನು ಸಂಜೆ ಸೂರ್ಯ ಮುಳುಗಿತು ಅಂತ ನಿಲ್ಲಿಸಲು ಆಗುವುದಿಲ್ಲ. ಅದಕ್ಕೇ ನನ್ನ ಸಲಹೆ, ಮೊದಲ ದಿನವೇ ಪೂರ್ತಿ ಹೈಡ್ರೋಜನ್‌ಗೆ ಹಾರಬೇಡಿ, ನೈಸರ್ಗಿಕ ಅನಿಲದ ಜೊತೆ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಹೋಗಿ. ಮಿಡ್ರೆಕ್ಸ್ ಅನ್ನುವ ಮಾದರಿಯ ಶಾಫ್ಟ್ ಫರ್ನೇಸ್‌ಗಳಲ್ಲಿ ಶೇ 30ರಷ್ಟು ಅನಿಲವನ್ನು ದೊಡ್ಡ ಬದಲಾವಣೆ ಇಲ್ಲದೆ ಹೀಗೆ ತಪ್ಪಿಸಬಹುದು. ಅದರಾಚೆ ಹೋದರೆ ಎರಡು ವಿಷಯ ಎದುರಾಗುತ್ತವೆ. ಹೈಡ್ರೋಜನ್ ಅದಿರಿನ ಜೊತೆ ಕೆಲಸ ಮಾಡುವಾಗ ಶಾಖ ಹೀರುತ್ತದೆ, ಫರ್ನೇಸ್ ತಣ್ಣಗಾಗದಂತೆ ಗ್ಯಾಸನ್ನು ಜಾಸ್ತಿ ಕಾಯಿಸಿ ಕಳಿಸಬೇಕು. ಇನ್ನೊಂದು, ಹೊರಬರುವ ಕಬ್ಬಿಣದಲ್ಲಿ ಕಾರ್ಬನ್ ಇರುವುದಿಲ್ಲ. ಆರ್ಕ್ ಫರ್ನೇಸಿನಲ್ಲಿ ಸ್ಲ್ಯಾಗ್ (ಕರಗಿದ ಉಕ್ಕಿನ ಮೇಲೆ ತೇಲುವ ಕಿಟ್ಟ) ನೊರೆ ಬರಲು ಅದು ಬೇಕು, ಬೇರೆಯಾಗಿ ಹಾಕಬೇಕು. ಅದಿರಿನ ಗುಣಮಟ್ಟವೂ ಮುಖ್ಯ. ಕಲ್ಮಶ ಜಾಸ್ತಿ ಇದ್ದರೆ ಸ್ಲ್ಯಾಗ್ ಜಾಸ್ತಿ, ಕರೆಂಟ್ ಖರ್ಚೂ ಜಾಸ್ತಿ.

ನೀರಿನ ವಿಷಯ ಜನ ಕೇಳಿಯೇ ಕೇಳುತ್ತಾರೆ, ಕೇಳಬೇಕಾದ್ದೇ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಕೆಜಿಗೆ 9 ಲೀಟರ್. ಶುದ್ಧ ಮಾಡುವಾಗ, ತಂಪು ಮಾಡುವಾಗ ಹೋಗುವುದನ್ನೂ ಸೇರಿಸಿ 20 ಲೀಟರ್ ಹಿಡಿಯಿರಿ. 55,000 ಟನ್‌ಗೆ ವರ್ಷಕ್ಕೆ 110 ಕೋಟಿ ಲೀಟರ್, ಅಂದರೆ ಒಂದು ಟಿಎಂಸಿಯಲ್ಲಿ ಇಪ್ಪತ್ತೈದನೇ ಒಂದು ಪಾಲು. ತುಂಗಭದ್ರೆಗೆ ಇದು ದೊಡ್ಡ ಹೊರೆ ಅಲ್ಲ. ಆದರೂ ಬೇಸಿಗೆಯಲ್ಲಿ ನಾಲೆಯ ಕೊನೆಯ ರೈತನಿಗೇ ನೀರು ಮುಟ್ಟದಿರುವಾಗ ಅದನ್ನು ಮುಟ್ಟುವುದು ಸರಿಯಲ್ಲ, ಊರಿನ ಕೊಳಚೆ ನೀರನ್ನು ಸಂಸ್ಕರಿಸಿ ಬಳಸುವ ವ್ಯವಸ್ಥೆಯನ್ನು ಯೋಜನೆಯಲ್ಲೇ ಸೇರಿಸಿ.

ಪ್ರತಿ ಕೆಜಿ ಹೈಡ್ರೋಜನ್ ಜೊತೆ 8 ಕೆಜಿ ಆಮ್ಲಜನಕ ಬರುತ್ತದೆ. ಗಾಳಿಗೆ ಬಿಡಬೇಡಿ, ಉಕ್ಕು ಮಾಡುವಾಗ ಅದು ಬೇಕೇ ಬೇಕು. ಸುರಕ್ಷತೆಯಲ್ಲಿ ರಾಜಿ ಬೇಡ: ಹೈಡ್ರೋಜನ್ ಬೆಂಕಿ ಹಗಲಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ ಅನ್ನಬಹುದು, ಗಾಳಿಯಲ್ಲಿ ಶೇ 4ರಿಂದ 75ರವರೆಗೆ ಇದ್ದರೂ ಹೊತ್ತಿಕೊಳ್ಳುತ್ತದೆ. ಸೋರಿಕೆ ಹಿಡಿಯುವ ಸೆನ್ಸರ್, ಚಾವಣಿಯಲ್ಲಿ ಗಾಳಿ ಹೊರಹೋಗುವ ದಾರಿ, ಹೈಡ್ರೋಜನ್‌ಗೆ ತಕ್ಕ ಉಕ್ಕಿನ ಪೈಪು ಇವು ಇಲ್ಲದೆ ಶುರು ಮಾಡಬಾರದು.

ಇನ್ನು ದುಡ್ಡು. ಜರ್ಮನಿಯಲ್ಲಿ ಆರ್ಸೆಲರ್‌ಮಿತ್ತಲ್ ಕಂಪನಿಗೆ ಸರ್ಕಾರ 130 ಕೋಟಿ ಯೂರೋ ಕೊಡಲು ಒಪ್ಪಿತ್ತು, ಆದರೂ 2025ರ ಜೂನ್‌ನಲ್ಲಿ ಕಂಪನಿ ಇಂಥ ಯೋಜನೆಯನ್ನು ಕೈಬಿಟ್ಟಿತು. ಕರೆಂಟಿನ ದರ, ಹೈಡ್ರೋಜನ್ ಪೂರೈಕೆ ಎರಡೂ ಕೂಡಿಬರಲಿಲ್ಲ. ಆದ್ದರಿಂದ ಯಂತ್ರದ ಆರ್ಡರ್‌ಗೆ ಸಹಿ ಹಾಕುವ ಮೊದಲು ನಿಮ್ಮ ಕೈಯಲ್ಲಿ ಎರಡು ಕಾಗದ ಇರಲಿ: ದರ ಗಟ್ಟಿಯಾಗಿರುವ ದೀರ್ಘಾವಧಿಯ ಕರೆಂಟ್ ಒಪ್ಪಂದ ಒಂದು, ಹಸಿರು ಉಕ್ಕಿಗೆ ಸ್ವಲ್ಪ ಜಾಸ್ತಿ ಕೊಡಲು ಒಪ್ಪಿ ಬರೆದುಕೊಟ್ಟ ಗಿರಾಕಿಯದ್ದು ಇನ್ನೊಂದು.