ಮೊದಲು ಸೀಮೆಸುಣ್ಣ, ಆಮೇಲೆ ಸಾಮಾನು: ವಿಶೇಷ ಮಕ್ಕಳ ಕೊಠಡಿ ಹೂಡುವುದು ಹೇಗೆ?

ಹಣ ಮಂಜೂರಾದ ವಾರದಲ್ಲೇ ಅಂಗಡಿಗೆ ಓಡುವುದು ನಮ್ಮ ಶಾಲೆಗಳ ಅಭ್ಯಾಸ. ಬಣ್ಣದ ಕುರ್ಚಿ, ಗೋಡೆ ತುಂಬ ಚಿತ್ರಪಟ, ಪ್ಲಾಸ್ಟಿಕ್ ಚೆಂಡಿನ ತೊಟ್ಟಿ ಎಲ್ಲ ಬಂದಿಳಿಯುತ್ತವೆ. ಉದ್ಘಾಟನೆಯ ಫೋಟೊ ಚೆನ್ನಾಗಿ ಬರುತ್ತದೆ. ಜೂನ್ ಮಳೆ ಹಿಡಿದ ಮೇಲೆ ಅದೇ ಕೊಠಡಿಯಲ್ಲಿ ಒಂದು ಮಗು ಕಿವಿ ಮುಚ್ಚಿಕೊಂಡಿರುತ್ತದೆ, ಇನ್ನೊಂದು ಬಾಗಿಲ ಕಡೆ ಓಡುತ್ತಿರುತ್ತದೆ. ಒಳಗೆ ಕಾಲಿಟ್ಟ ಮಗುವಿಗೆ ಯಾರೂ ಬಾಯಿಬಿಟ್ಟು ಹೇಳದೆಯೇ ನಾಲ್ಕು ಸಂಗತಿ ತಿಳಿಯಬೇಕು: ಎಲ್ಲಿ ಕೂರಬೇಕು, ಏನು ಮಾಡಬೇಕು, ಎಷ್ಟು ಮಾಡಬೇಕು, ಮುಗಿದ ಮೇಲೆ ಏನು. ಕೊಠಡಿಯ ಕೆಲಸ ಇಷ್ಟೇ. ಕೊಳ್ಳುವುದೆಲ್ಲ ಇದಾದ ಮೇಲೆ.

ಯಾವ ಕೊಠಡಿ?

ನೆಲಮಹಡಿಯದೇ ಆಗಬೇಕು, ಶೌಚಾಲಯ ಹತ್ತಿರವಿರಬೇಕು, ಬಿಸಿಯೂಟದ ಅಡುಗೆಮನೆ ದೂರವಿರಬೇಕು. ಕುಕ್ಕರ್ ಸೀಟಿ, ಒಗ್ಗರಣೆ ಘಾಟು ನಮಗೆ ಏನೂ ಅನ್ನಿಸದಿದ್ದರೂ ಆಟಿಸಂ ಇರುವ ಮಗುವಿನ ಇಡೀ ಬೆಳಿಗ್ಗೆಯನ್ನು ಕೆಡಿಸಬಲ್ಲವು. 20 ಅಡಿಗೆ 20 ಅಡಿಯ ಕೊಠಡಿಯಾದರೆ ಒಂದು ಸಲಕ್ಕೆ 6ರಿಂದ 8 ಮಕ್ಕಳು ಸಾಕು, ಶಿಕ್ಷಕರ ಜೊತೆ ಒಬ್ಬ ಆಯಾ ಬೇಕೇ ಬೇಕು.

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಶೀಟಿನ ಮಾಡು ಇದ್ದರೆ ಆ ಕೊಠಡಿಯ ಆಸೆ ಬಿಡಿ. ಮಳೆ ಹೊಡೆಯುವಾಗ ಶೀಟಿನ ಸದ್ದಿನಲ್ಲಿ ಪಕ್ಕದವರ ಮಾತೇ ಕೇಳದು. ಶ್ರವಣಯಂತ್ರ ಹಾಕಿದ ಮಗುವಿಗೆ ಆ ಸದ್ದೂ ದೊಡ್ಡದಾಗಿಯೇ ಕೇಳುತ್ತದೆ. ಹೆಂಚು ಅಥವಾ ಆರ್‌ಸಿಸಿ ಒಳ್ಳೆಯದು. ಗತ್ಯಂತರವಿಲ್ಲದಿದ್ದರೆ ಒಳಗೆ ಬಿದಿರಿನ ತಟ್ಟಿ ಕಟ್ಟಿಸಿ, ಸದ್ದು ಸ್ವಲ್ಪ ಇಳಿಯುತ್ತದೆ. ಅರಸೀಕೆರೆ, ಕಡೂರಿನ ಕಡೆ ಶೀಟಿನ ಕಾಟ ಮಾರ್ಚ್–ಏಪ್ರಿಲ್‌ನ ಕಾವಿನಲ್ಲಿ ಗೊತ್ತಾಗುತ್ತದೆ.

ಇಳಿಜಾರಿನ ಲೆಕ್ಕ ತಪ್ಪದ ಶಾಲೆ ಅಪರೂಪ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಎಂಬುದು ನಿಯಮ. ಜಗಲಿ ಒಂದೂವರೆ ಅಡಿ ಇದ್ದರೆ 18 ಅಡಿ ಬೇಕು. ‘ಜಾಗ ಇಲ್ಲ ಸಾರ್’ ಎಂದು ಗಾರೆಯವರು 6 ಅಡಿಗೆ ಮುಗಿಸಿಬಿಡುತ್ತಾರೆ. ಅದರ ಮೇಲೆ ಗಾಲಿಕುರ್ಚಿ ತಳ್ಳಲು ಇಬ್ಬರು ಬೇಕು, ಇಳಿಸುವಾಗ ಮಗು ಮುಂದಕ್ಕೆ ಮುಗ್ಗರಿಸುತ್ತದೆ. ಉದ್ದ ಸಾಲದಿದ್ದರೆ ನಡುವೆ ತಿರುವು ಕೊಡಿ, ತಿರುವಿನಲ್ಲಿ 5 ಅಡಿ ಸಮತಟ್ಟು ಬಿಡಿ. ಮೇಲ್ಮೈ ಒರಟು ಕಾಂಕ್ರೀಟೇ ಇರಲಿ, ಅಡ್ಡಗೆರೆ ಎಳೆಸಿ. ನುಣುಪು ಟೈಲ್ಸ್ ಹಾಕಿಸಿದರೆ ಮಲೆನಾಡಿನಲ್ಲಿ ಜುಲೈ ಹೊತ್ತಿಗೆ ಪಾಚಿ ಕಟ್ಟಿ ಜಾರುಬಂಡೆಯಾಗುತ್ತದೆ. ಬಾಗಿಲು ತೆರೆದಾಗ 3 ಅಡಿ ಸಿಗಬೇಕು. ಇನ್ನು ಹೊಸಿಲು. ಅದನ್ನು ಕೀಳಿಸಲು ಊರವರು ಹಿಂದೆಮುಂದೆ ನೋಡುತ್ತಾರೆ. ಕೀಳಬೇಕಿಲ್ಲ, ಎರಡೂ ಬದಿಗೆ ಸಿಮೆಂಟಿನ ಸಣ್ಣ ಇಳಿಜಾರು ಕೊಟ್ಟರೆ ಗಾಲಿ ದಾಟುತ್ತದೆ.

ನೆಲದ ಮೇಲೆ ಗೆರೆ

ಬೆಂಚು, ಬೀರು ಒಳಗೆ ತರುವ ಮೊದಲು ಖಾಲಿ ಕೊಠಡಿಯಲ್ಲಿ ಸೀಮೆಸುಣ್ಣದಿಂದ ಜಾಗ ಗುರುತಿಸಿ. ಬಾಗಿಲ ಪಕ್ಕ ಚಪ್ಪಲಿ, ಕೊಡೆ, ಒದ್ದೆ ಚೀಲಕ್ಕೆ. ಗೋಡೆಗೆ ಮುಖ ಮಾಡಿದ ಮೇಜು ಒಂಟಿಯಾಗಿ ಕೆಲಸ ಮಾಡಲು. ಶಿಕ್ಷಕರ ಎದುರು ಕೂತು ಕಲಿಯಲು ಇನ್ನೊಂದು ಮೇಜು. ಮಧ್ಯೆ ಚಾಪೆಯ ಅರ್ಧವೃತ್ತ. ಬಾಗಿಲಿಂದ ದೂರದ ಮೂಲೆಯಲ್ಲಿ ಸಮಾಧಾನದ ಜಾಗ. ಗುರುತಿಸಿದ ಮೇಲೆ ಗಾಲಿಕುರ್ಚಿಯನ್ನು ಒಮ್ಮೆ ಎಲ್ಲ ಕಡೆ ಓಡಿಸಿ ನೋಡಿ. ಪೂರ್ತಿ ತಿರುಗಲು 5 ಅಡಿ ಅಗಲ ಬೇಕು. ಎಲ್ಲೋ ಒಂದು ಕಡೆ ಸಿಕ್ಕಿಕೊಳ್ಳುತ್ತದೆ, ಆಗ ಗೆರೆ ಅಳಿಸಿ ಬರೆದರಾಯಿತು. ಬೀರು ಸರಿಸುವುದಕ್ಕಿಂತ ಸುಲಭ.

ಜಾಗ ಬೇರ್ಪಡಿಸಲು 3 ಅಡಿ ಎತ್ತರದ ಪುಸ್ತಕದ ಕಪಾಟು ಸಾಕು: ಕೂತ ಮಗುವಿಗೆ ಆಚೆಯದು ಕಾಣದು, ನಿಂತ ಶಿಕ್ಷಕರಿಗೆ ಎಲ್ಲರೂ ಕಾಣುತ್ತಾರೆ. ಬಣ್ಣದ ಟೇಪು ತೇವದ ನೆಲದಲ್ಲಿ ವಾರಕ್ಕೇ ಎದ್ದುಬರುವುದರಿಂದ ಬೇಸಿಗೆ ರಜೆಯಲ್ಲೇ ಎನಾಮಲ್ ಪೇಂಟಿನಲ್ಲಿ ಪಟ್ಟೆ ಎಳೆಸಿ. ಓಡಿಹೋಗುವ ಅಭ್ಯಾಸದ ಮಗು ಇದ್ದರೆ ಶಿಕ್ಷಕರ ಕುರ್ಚಿ ಬಾಗಿಲ ಕಡೆಗಿರಲಿ. ಚಿಲಕ ಹಾಕಿ ಕೂರಬೇಡಿ, ಏನಾದರೂ ಆದರೆ ಹೊರಗಿನವರು ಒಳಬರಲಾಗದು.

ಕುರ್ಚಿ ಕೊಳ್ಳುವಾಗ ಅಳತೆಯ ಟೇಪು ಹಿಡಿಯಿರಿ. ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಮೇಜು ಮೊಣಕೈ ಮಟ್ಟದಲ್ಲಿರಬೇಕು. 6 ವರ್ಷದವನಿಗೂ 14 ವರ್ಷದವಳಿಗೂ ಒಂದೇ ಅಳತೆಯ ಕುರ್ಚಿ ತಂದರೆ ಚಿಕ್ಕವನ ಕಾಲು ನೇತಾಡುತ್ತದೆ, ಆಸರೆಯಿಲ್ಲದೆ ಅವನು ಹೊರಳಾಡುತ್ತಾನೆ, ನಾವು ‘ಚೇಷ್ಟೆ’ ಎಂದು ಗದರುತ್ತೇವೆ. ಮನೆಯಿಂದ ಒಂದು ಊಟದ ಮಣೆ ತಂದು ಕಾಲಡಿ ಇಡಿ, ಅರ್ಧ ಚೇಷ್ಟೆ ಅಲ್ಲಿಗೇ ನಿಲ್ಲುತ್ತದೆ.

ಗೋಡೆಯ ವೇಳಾಪಟ್ಟಿ

ಮೊದಲ ತಿಂಗಳು ಗೋಡೆಯ ಮೇಲೆ ವೇಳಾಪಟ್ಟಿಯೊಂದೇ ಇರಲಿ. ಚಿತ್ರ ಅರ್ಥವಾಗದ ಮಗುವಿಗೆ ವಸ್ತುವನ್ನೇ ತೂಗುಹಾಕಿ: ಊಟಕ್ಕೆ ತಟ್ಟೆ, ಬರೆಯಲು ಸ್ಲೇಟು, ಆಟಕ್ಕೆ ಚೆಂಡು. ಅದು ಹಿಡಿಸಿದ ಮೇಲೆ ಫೋಟೊ, ಆಮೇಲೆ ರೇಖಾಚಿತ್ರ, ಕೊನೆಗೆ ಅಕ್ಷರ. ಫೋಟೊ ನಿಮ್ಮ ಶಾಲೆಯದೇ ಆಗಿರಬೇಕು. ನಿಮ್ಮ ನಲ್ಲಿ, ನಿಮ್ಮ ಶೌಚಾಲಯದ ಬಾಗಿಲು. ಇಂಟರ್ನೆಟ್ಟಿನಿಂದ ತೆಗೆದ ಕಮೋಡಿನ ಚಿತ್ರ ತೋಟದ ಕೆಲಸದವರ ಲೈನ್ ಮನೆಯಿಂದ ಬರುವ ಮಗುವಿಗೆ ಕುರ್ಚಿಯಂತೆ ಕಂಡರೆ ತಪ್ಪು ಮಗುವಿನದಲ್ಲ.

ಕಾರ್ಡು 3 ಇಂಚು ಚೌಕ. ಲ್ಯಾಮಿನೇಟ್ ಮಾಡಿಸುವಾಗ ಸುತ್ತ ಕಾಲಿಂಚು ಪ್ಲಾಸ್ಟಿಕ್ ಬಿಟ್ಟು ಕತ್ತರಿಸಿ, ಕಾಗದದ ಅಂಚಿಗೇ ಕತ್ತರಿಸಿದರೆ ತೇವ ಒಳಗಿಳಿದು ಬೂಷ್ಟು ಹಿಡಿಯುತ್ತದೆ. ವೆಲ್ಕ್ರೋದ ಅಂಟು ಮಳೆಗಾಲದಲ್ಲಿ ನಿಲ್ಲುವುದಿಲ್ಲ. ದಪ್ಪ ಬಟ್ಟೆಯ ಪಟ್ಟಿಗೆ ಅದನ್ನು ಹೊಲಿಸಿ ಮೊಳೆಗೆ ನೇತುಹಾಕಿ. ಪಟ್ಟಿಯ ಕೆಳಗೆ ‘ಆಯ್ತು’ ಎಂಬ ಜೇಬು. ಕೆಲಸ ಮುಗಿಸಿದ ಮಗು ತನ್ನ ಕೈಯಾರೆ ಕಾರ್ಡು ತೆಗೆದು ಅದರೊಳಗೆ ಹಾಕಬೇಕು. ಇವತ್ತು ಆಟ ರದ್ದಾದರೆ ಕಾರ್ಡನ್ನೂ ಬದಲಿಸಿ. ಬಾಯಲ್ಲಿ ಹೇಳಿ ಕಾರ್ಡು ಹಾಗೇ ಬಿಟ್ಟರೆ ಗೋಡೆಯನ್ನು ನಂಬಬಾರದು ಎಂದು ಮಗು ಕಲಿಯುತ್ತದೆ. ವೇಳಾಪಟ್ಟಿ ಸೋಲುವುದು ಬಹುಪಾಲು ಹೀಗೆಯೇ.

ಎಡದಿಂದ ಬಲಕ್ಕೆ

ಒಂಟಿ ಕೆಲಸದ ಮೇಜಿನ ಎಡಕ್ಕೆ ಮೂರು ಟ್ರೇ, ಬಲಕ್ಕೆ ಮುಗಿದದ್ದು ಹಾಕುವ ಬುಟ್ಟಿ. ಎಡಗಡೆ ಖಾಲಿಯಾದರೆ ಕೆಲಸ ಮುಗಿಯಿತು. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಆಟಿಸಂ ಮಕ್ಕಳಿಗಾಗಿ ಬೆಳೆಸಿದ ‘ಟೀಚ್’ ವಿಧಾನದ ಒಂದು ಮುಖ್ಯ ಭಾಗವಿದು. ಟ್ರೇಯಲ್ಲಿ ಐದು ತೂತಿನ ಹಲಗೆ ಇದ್ದರೆ ಬಿಲ್ಲೆಯೂ ಐದೇ ಇರಬೇಕು. ಒಂದು ಹೆಚ್ಚಾದರೂ ಕೈಯಲ್ಲಿ ಹಿಡಿದು ಮಗು ಅಲ್ಲೇ ನಿಂತುಬಿಡುತ್ತದೆ.

ಕಲಿಕಾ ಸಾಮಗ್ರಿಯ ಕಿಟ್‌ಗಳಿಗೆ ಮೊದಲು ನಿಮ್ಮ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದ ಬಿಐಇಆರ್‌ಟಿಯವರನ್ನು (ವಿಶೇಷ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರು) ಕೇಳಿ. ಉಳಿದದ್ದು ಅಡುಗೆಮನೆಯಲ್ಲೇ ಇದೆ. ನಾಲ್ಕು ಗುಳಿಯ ಇಡ್ಲಿ ತಟ್ಟೆಯಲ್ಲಿ ಗುಳಿಗೊಂದು ಗೋಟಡಿಕೆ ಇಡಿಸಿದರೆ ‘ಒಂದಕ್ಕೊಂದು’ ಎಂಬ ಲೆಕ್ಕದ ಮೊದಲ ಪಾಠವಾಯಿತು. 30ರ ಮೊಟ್ಟೆ ಟ್ರೇಯನ್ನು ಐದೈದು ಗುಳಿಯ ಎರಡು ಸಾಲಿಗೆ ಕತ್ತರಿಸಿ. ಮೇಲಿನ ಸಾಲು ತುಂಬಿ ಕೆಳಗೆ ಎರಡಿದ್ದರೆ ಏಳು. ಎಣಿಸದೆಯೇ ಕಣ್ಣಿಗೆ ಕಾಣುತ್ತದೆ. ಕಾಫಿ ಬೀಜ, ಹುಣಸೆ ಬೀಜ ಚೆನ್ನಾಗಿಯೇ ಇವೆ, ಆದರೆ ಬಾಯಿಗೆ, ಮೂಗಿಗೆ ಹಾಕಿಕೊಳ್ಳುವ ಮಗು ಇರುವ ಕಡೆ ಬೇಡ.

ಸಮಾಧಾನದ ಮೂಲೆಗೆ 4 ಅಡಿ ಚೌಕ, ಒಂದು ಹಾಸಿಗೆ, ದಪ್ಪ ಬೆಡ್‌ಶೀಟಿನ ಪರದೆ, 5 ನಿಮಿಷದ ಮರಳು ಗಡಿಯಾರ. ತಲೆಯ ಮೇಲೆ ಮಿಣಮಿಣ ಎನ್ನುವ ಹಳೆ ಟ್ಯೂಬ್‌ಲೈಟ್ ಇರಕೂಡದು. ‘ಗಲಾಟೆ ಮಾಡಿದ್ಯಲ್ಲ, ಹೋಗು ಮೂಲೆಗೆ’ ಎಂದು ಒಂದೇ ಸಲ ಅಂದರೂ ಮುಗಿಯಿತು, ಮತ್ತೆ ಯಾವ ಮಗುವೂ ತಾನಾಗಿ ಅಲ್ಲಿಗೆ ಹೋಗುವುದಿಲ್ಲ.

ಮಳೆ, ಮೂರ್ಛೆ, ಕುಯ್ಲು

ಶ್ರವಣಯಂತ್ರಕ್ಕೆ ಮಲೆನಾಡಿನ ಶತ್ರು ತೇವ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟು, ರಾತ್ರಿ ಬ್ಯಾಟರಿ ತೆಗೆದು ಯಂತ್ರವನ್ನು ಅದರೊಳಗಿಡಲು ಮನೆಯವರಿಗೆ ತೋರಿಸಿಕೊಡಿ. ಕಿತ್ತಳೆ ಬಣ್ಣದ ಹರಳು ಹಸಿರಿಗೆ ತಿರುಗಿದರೆ ಬದಲಿಸಬೇಕು. ಡಬ್ಬಿ ಮಕ್ಕಳ ಕೈಗೆ ಎಟುಕದಿರಲಿ. ಬೀರುವನ್ನು ಗೋಡೆಯಿಂದ 3 ಇಂಚು ಮುಂದೆ ಇಡಿ. ಹುಳ ಬಾರದಿರಲಿ ಎಂದು ನುಸಿಗುಳಿಗೆ ಹಾಕುವುದು ಬೇಡ, ಬಿಳಿ ಪೆಪ್ಪರ್‌ಮಿಂಟಿನಂತೆ ಕಾಣುವ ಅದು ವಿಷ.

ಇಂಥ ಕೊಠಡಿಗಳಲ್ಲಿ ಮೂರ್ಛೆರೋಗದ ಮಕ್ಕಳು ಇದ್ದೇ ಇರುತ್ತಾರೆ. ಏನು ಮಾಡಬೇಕೆಂಬುದು ಬಾಗಿಲ ಹಿಂದೆ ದಪ್ಪ ಅಕ್ಷರದಲ್ಲಿರಲಿ: ಗಡಿಯಾರ ನೋಡಿ, ಸುತ್ತಲಿನ ಸಾಮಾನು ಸರಿಸಿ, ತಲೆಯಡಿ ಮೆತ್ತನೆಯದು ಇಡಿ, ಮಗ್ಗುಲಿಗೆ ಹೊರಳಿಸಿ. ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದರಿಂದ ಏನೂ ಆಗದು. ಬಾಯಿಗೆ ಚಮಚ, ನೀರು ಹಾಕಿದರೆ ಅಪಾಯ. 5 ನಿಮಿಷ ದಾಟಿದರೆ 108.

ಕಡತದಲ್ಲಿ ಪ್ರತಿ ಮಗುವಿಗೆ ವೈಯಕ್ತಿಕ ಶಿಕ್ಷಣ ಯೋಜನೆ, ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ) ಕಾರ್ಡಿನ ಪ್ರತಿ ಇರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಶೇ 40 ಅಥವಾ ಹೆಚ್ಚಿನ ವೈಕಲ್ಯವಿರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಯೋಜನೆಯಲ್ಲಿ ‘ಗಣಿತ ಸುಧಾರಿಸುವುದು’ ಎಂದು ಬರೆದರೆ ಯಾರಿಗೂ ಪ್ರಯೋಜನವಿಲ್ಲ. ‘ಐದು ಅಡಿಕೆಯನ್ನು ಸಹಾಯವಿಲ್ಲದೆ ಐದು ಗುಳಿಗೆ ಇಡುವುದು, ಐದು ದಿನದಲ್ಲಿ ನಾಲ್ಕು ದಿನ’ ಎಂದು ಬರೆಯಿರಿ.

ಇದು ಕಾಫಿ ಕುಯ್ಲಿನ ಹೊತ್ತಿಗೆ ಕೈಹಿಡಿಯುತ್ತದೆ. ನವೆಂಬರ್‌ನಲ್ಲಿ ಅರೇಬಿಕಾ ಶುರುವಾಗಿ ರೊಬಸ್ಟಾ ಮುಗಿಯುವವರೆಗೂ ತೋಟದ ಕೆಲಸದವರ ಮಕ್ಕಳ ಹಾಜರಾತಿ ಏರುಪೇರಾಗುತ್ತದೆ. ಎರಡು ಟ್ರೇ ಕೆಲಸವನ್ನು ಬಟ್ಟೆ ಚೀಲದಲ್ಲಿ ಹಾಕಿ ಮನೆಗೆ ಕೊಟ್ಟುಕಳಿಸಿ. ವಾಪಸ್ ಬಂದ ದಿನ ಬಿಟ್ಟ ಪಾಠದಿಂದ ಶುರುಮಾಡದೆ, ಕಡತ ತೆರೆದು ಮಗು ಕೊನೆಯ ಸಲ ಸಲೀಸಾಗಿ ಮುಗಿಸಿದ್ದ ಟ್ರೇಯನ್ನೇ ಮುಂದಿಡಿ.